ಹುಳುವೇನು ಅನ್ನದ ಅಗುಳೇ?

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಹುಳುವಿನ ಮಾತು ಯಾಕಪ್ಪಾ ಅಂತ ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಕಥೆ ಕವನಕ್ಕೆ ಉಳಿದ ಪುಟಗಳಿವೆಯಲ್ಲ!

ನನಗೆ ಕಲಿಸಿದ ಪ್ರಾಣಿಶಾಸ್ತ್ರದಲ್ಲಿ ದುಂಡುಹುಳು ಎಂದರೆ ಆಸ್ಕಾರಿಸ್ ಒಂದೇ. ಅದರ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಜರ್ನಲ್ಲಿಗೆ ಸಹಿ ಹಾಕಿಸಿಕೊಂಡರೆ ಆ ವರ್ಗವೇ ಮುಗಿಯಿತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎಂಬ ಲೆಕ್ಕ. ಈ ಲೆಕ್ಕ ಹುಳುಗಳಿಗೆ ಸಲ್ಲದು ಎಂಬುದೇ ನನ್ನ ತಕರಾರು.

ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನರಕೋಶಗಳ ಅಭ್ಯಾಸಕ್ಕೆ ಬಳಸುವ ಸೀನೊರಾಬ್ಡೈಟಿಸ್ ಎಲೆಗಾನ್ಸ್ ಇದೆಯಲ್ಲ, 1 ಮಿಲಿಮೀಟರ್ ಉದ್ದದ ಹುಳು, ಅದರ ಮೈಯ ಒಂದೊಂದು ಜೀವಕೋಶದ ವಂಶಾವಳಿಯೂ ಗೊತ್ತಿದೆ. ಬ್ರೆನ್ನರ್, ಸಲ್ಸ್ಟನ್, ಹಾರ್ವಿಟ್ಜ್ 2002ರಲ್ಲಿ ನೊಬೆಲ್ ಪಡೆದದ್ದು ಈ ಹುಳುವಿನಿಂದಲೇ. ಅದರ ಮೊಟ್ಟೆ ಹೊರಬರುವ ದ್ವಾರವನ್ನೇ ತೆಗೆದುಕೊಳ್ಳಿ. ಹೊಟ್ಟೆಯ ಅಡಿಯ ಚರ್ಮದಲ್ಲಿ ಸಾಲಾಗಿರುವ ಕೋಶಗಳಲ್ಲಿ ಮೂರು ಒಡೆದು, 22 ಆಗಿ, ದ್ವಾರ ಕಟ್ಟುತ್ತವೆ. ಅಪ್ಪಣೆ ಕಳಿಸುವುದು ಜನನಗ್ರಂಥಿಯ ಒಂದೇ ಒಂದು ಕೋಶ. ಲಂಗರು ಕೋಶ ಅನ್ನೋಣ. ಅದನ್ನು ಲೇಸರ್‌ನಿಂದ ಸುಟ್ಟರೆ ದ್ವಾರವೇ ಇಲ್ಲ!

ಇನ್ನು ಪ್ರಿಸ್ಟಿಯಾಂಕಸ್ ಪೆಸಿಫಿಕಸ್, ದುಂಬಿಗಳ ಜೊತೆ ಬಾಳುವ ಹುಳು. ದ್ವಾರ ಕಟ್ಟುವುದು ಅವೇ ಮೂರು ಕೋಶ. ಆದರೆ ಅಪ್ಪಣೆ ಜನನಗ್ರಂಥಿಯ ಹಲವು ಕೋಶಗಳದ್ದು, ಬಹಳ ಹೊತ್ತು ಬರುತ್ತಲೇ ಇರಬೇಕು, ಅದರ ರಾಸಾಯನಿಕ ಭಾಷೆಯೂ ಬೇರೆ. ಸಾಲಿನಲ್ಲಿ ಕೆಲಸವಿಲ್ಲದ ಕೋಶಗಳು ಎಲೆಗಾನ್ಸ್‌ನಲ್ಲಿ ಚರ್ಮದೊಡನೆ ಬೆಸೆದುಕೊಂಡರೆ, ಪ್ರಿಸ್ಟಿಯಾಂಕಸ್‌ನಲ್ಲಿ ಹೆಚ್ಚಿನವು ಸತ್ತೇ ಹೋಗುತ್ತವೆ. ಮೆಸೊರಾಬ್ಡೈಟಿಸ್‌ನದು ಇನ್ನೂ ತಮಾಷೆ. ಜನನಗ್ರಂಥಿಯನ್ನೇ ಸುಟ್ಟರೂ ದ್ವಾರ ತನ್ನಷ್ಟಕ್ಕೆ ತಯಾರು, ಯಾರ ಅಪ್ಪಣೆಯೂ ಬೇಡ. ಸೋಮರ್ ಮತ್ತು ಸ್ಟರ್ನ್‌ಬರ್ಗ್ 1994ರಲ್ಲೇ ಇದನ್ನು ಪ್ರಕಟಿಸಿದ್ದಾರೆ.

ಬೆಳೆದ ಹುಳುವನ್ನು ಕುಯ್ದು ನೋಡಿದರೆ ಇದ್ಯಾವುದೂ ಕಾಣದು. ವಿಕಾಸದ ಪಾಠದಲ್ಲಿ ರೂಪ ಬದಲಾದದ್ದನ್ನು ಹೇಳುತ್ತಾರೆ. ರೂಪ ಹಾಗೇ ಉಳಿದು ಒಳಗಿನ ಕೆಲಸವೇ ಬದಲಾದದ್ದು, ನನ್ನ ಮಟ್ಟಿಗೆ, ಅದಕ್ಕಿಂತ ದೊಡ್ಡ ವಿಸ್ಮಯ. ಎಲೆಗಾನ್ಸ್‌ನಲ್ಲಿ ಕಂಡದ್ದನ್ನು ಪರೀಕ್ಷಿಸದೆ ಕೊಕ್ಕೆಹುಳುವಿಗೂ ಆನೆಕಾಲಿನ ಹುಳುವಿಗೂ ಅಂಟಿಸುವ ಧೈರ್ಯ ನನಗಂತೂ ಇಲ್ಲ.

ಸಿಲೆಬಸ್ ಮುಗಿಸೋದೇ ಕಷ್ಟ, ಎಲ್ಲ ಹುಳು ಎಲ್ಲಿಂದ ಕಲಿಸೋದು ಎನ್ನುವವರಿದ್ದಾರೆ. ಎಲ್ಲ ಬೇಡ ರೀ, ಎರಡು ಸಾಕು. ಆಸ್ಕಾರಿಸ್‌ನ ಹತ್ತು ಭಾಗಗಳ ಹೆಸರು ಬಿಟ್ಟು ಈ ಒಂದು ದ್ವಾರಕ್ಕೆ ಒಂದು ತಾಸು ಕೊಡಲಿ. ಎಲೆಗಾನ್ಸ್, ಪ್ರಿಸ್ಟಿಯಾಂಕಸ್ ಎರಡೂ ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ತಿಂದುಕೊಂಡು ಇರುತ್ತವೆ. ಮೊಟ್ಟೆ ಒಡೆದು ದೊಡ್ಡದಾಗಲು ಮೂರು ನಾಲ್ಕು ದಿನ, ಅಷ್ಟೇ.