ಮೊದಲು ಬಲಕ್ಕೆ ನೋಡಿ



ಜುಲೈ ಬಂತೆಂದರೆ ಶಿವಾಜಿನಗರ, ಫ್ರೇಜರ್ ಟೌನ್ ಕಡೆಯ ಎಷ್ಟೋ ಮನೆಗಳಲ್ಲಿ ಗಲ್ಫ್‌ನಿಂದ ರಜೆಗೆ ಬಂದವರ ಸಡಗರ. ಖರ್ಜೂರ, ಝಮ್‌ಝಮ್ ನೀರಿನ ಜೊತೆ ಅವರು ನಮ್ಮ ಕಣ್ಣಿಗೆ ಕಾಣದ ಇನ್ನೊಂದನ್ನೂ ತಂದಿರುತ್ತಾರೆ. ಅದು ರಸ್ತೆಯ ಬಲಬದಿಯಲ್ಲಿ ಸಾಗುವ ಅಭ್ಯಾಸ. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್ ಎಲ್ಲೆಡೆ ವಾಹನಗಳು ಓಡುವುದು ಬಲಗಡೆ. ಬಹರೈನ್ ಕೂಡ 1967ರಲ್ಲಿ ಎಡ ಬಿಟ್ಟು ಬಲಕ್ಕೆ ಬಂತು. ನಾವು ಬ್ರಿಟಿಷರ ಕಾಲದ ಎಡಗಡೆಯಲ್ಲೇ ಉಳಿದೆವು.

ಮೊದಲೆಲ್ಲ ಈ ಚಿಂತೆ ಗಂಡಸರದ್ದಾಗಿತ್ತು. ಸೌದಿಯಲ್ಲಿ 2018ರ ಜೂನ್ 24ರಿಂದ ಮಹಿಳೆಯರಿಗೂ ಕಾರು ಓಡಿಸುವ ಅವಕಾಶ ಸಿಕ್ಕಿತಲ್ಲ, ಜಿದ್ದಾದಲ್ಲಿರುವ ನನ್ನ ನಾದಿನಿಯೂ ಕಲಿತಳು. ರಜೆಗೆ ಬಂದವಳು, "ಭಾಬಿ, ಕೀಲಿ ಕೊಡಿ, ಕೆ.ಆರ್. ಪುರದ ಚಿಕ್ಕಮ್ಮನ ಮನೆಗೆ ನಾನೇ ಕರೆದೊಯ್ಯುತ್ತೇನೆ" ಎಂದಳು. ಅವಳ ಬಳಿ ಇಲ್ಲಿಯ ಲೈಸನ್ಸೂ ಇತ್ತು. (ಅಲ್ಲಿಯ ಲೈಸನ್ಸ್ ಒಂದೇ ಇಲ್ಲಿ ಸಾಲದು. ಇಲ್ಲಿಯದರ ಅವಧಿ ಮುಗಿದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು. ಹೊರಡುವ ಮೊದಲೇ ನೋಡಿಕೊಳ್ಳಿ.)

ಫಜ್ರ್ ಮುಗಿಸಿ ಹೊರಟೆವು. ತಿರುವಿನಲ್ಲಿ ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡಿತು, ಇಬ್ಬರೂ ನಕ್ಕೆವು. ಎಡಗೈಯಲ್ಲಿ ಗೇರ್ ಬದಲಿಸುವುದೂ ಹತ್ತು ನಿಮಿಷದಲ್ಲಿ ಒಗ್ಗಿತು. ಆದರೆ ಹಲಸೂರಿನ ಬಳಿ ಪೆಟ್ರೋಲ್ ಹಾಕಿಸಿ ಹೊರಬಂದಾಗ ರಸ್ತೆ ಖಾಲಿ. ಅವಳು ಸರಾಗವಾಗಿ ಬಲಬದಿಗೆ ಹೋಗಿಬಿಟ್ಟಳು. ನನಗೂ ತಕ್ಷಣ ಹೊಳೆಯಲಿಲ್ಲ, ಎದುರಿಗೆ ಹಾಲಿನ ವ್ಯಾನಿನ ದೀಪ ಕಾಣುವವರೆಗೆ! ಆ ಪುಣ್ಯಾತ್ಮ ಬ್ರೇಕ್ ಹಾಕಿದ. ಅಲ್ಲಾಹನ ಕೃಪೆ, ಏನೂ ಆಗಲಿಲ್ಲ.

ಆಮೇಲೆ ಯೋಚಿಸಿದರೆ, ಇಂದಿರಾನಗರದ ಗಿಜಿಗಿಜಿಯಲ್ಲಿ ಈ ತಪ್ಪು ಆಗುವುದೇ ಕಷ್ಟ. ಮುಂದಿನ ವಾಹನವೇ ದಾರಿ ತೋರಿಸುತ್ತದೆ. ಅಪಾಯ ಇರುವುದು ಖಾಲಿ ರಸ್ತೆಯಲ್ಲಿ, ಬಂಕಿನಿಂದಲೋ ಮದುವೆ ಹಾಲ್‌ನಿಂದಲೋ ಹೊರಬರುವಾಗ, ಏಕಮುಖ ರಸ್ತೆ ಮುಗಿದು ಎರಡೂ ಕಡೆಯ ಸಂಚಾರ ಶುರುವಾಗುವಲ್ಲಿ. ನಾದಿನಿ ಈಗ ಒಂದು ಗುರುತು ಇಟ್ಟುಕೊಂಡಿದ್ದಾಳೆ: ಓಡಿಸುವ ತಾನು ಯಾವಾಗಲೂ ರಸ್ತೆಯ ನಡುಗೆರೆಯ ಕಡೆ ಇರಬೇಕು. ಇದು ಎರಡೂ ದೇಶಕ್ಕೆ ಸರಿಹೊಂದುತ್ತದೆ. ವೃತ್ತಗಳಲ್ಲಿ ಮಾತ್ರ ಎಲ್ಲವೂ ತಿರುವುಮುರುವು. ಅಲ್ಲಿ ಎಡದಿಂದ ಬರುವವರಿಗೆ ದಾರಿ ಬಿಟ್ಟು ಅಭ್ಯಾಸ, ಇಲ್ಲಿ ಬಲದಿಂದ ಬರುವವರಿಗೆ ಬಿಡಬೇಕು.

ನನಗೆ ಹೆಚ್ಚು ಭಯ ಮಕ್ಕಳದ್ದು. ಅಲ್ಲಿ ಬೆಳೆದ ಮಗು ಕಾರು ನಿಂತೊಡನೆ ಬಲಬಾಗಿಲು ತೆರೆಯುತ್ತದೆ, ಅಲ್ಲಿ ಫುಟ್‌ಪಾತ್ ಇರುವುದು ಆ ಕಡೆ. ಇಲ್ಲಿ ಆ ಕಡೆ ಬಸ್ಸು ಬರುತ್ತಿರುತ್ತದೆ. ಹಿಂಬಾಗಿಲಿನ ಚೈಲ್ಡ್ ಲಾಕ್ ಹಾಕಿಬಿಡಿ. ರಸ್ತೆ ದಾಟುವಾಗಲೂ ಮಗು ಮೊದಲು ಎಡಕ್ಕೆ ನೋಡಿ ಕಾಲಿಟ್ಟುಬಿಡುತ್ತದೆ. ಮೊದಲ ವಾರ ಕೈ ಬಿಡಲೇಬೇಡಿ.

ಮೊನ್ನೆ ರಸೆಲ್ ಮಾರ್ಕೆಟ್ ಬಳಿ ನಾದಿನಿಯ ಎಂಟು ವರ್ಷದ ಮಗನಿಗೆ "ಬಲ, ಎಡ, ಮತ್ತೆ ಬಲ" ಎಂದು ಪಾಠ ಹೇಳುತ್ತಾ ನಿಂತಿದ್ದೆ. ಅಷ್ಟರಲ್ಲಿ ಬೈಕಿನವನೊಬ್ಬ ತಪ್ಪು ದಿಕ್ಕಿನಿಂದ ನಮ್ಮ ಕಾಲಿನ ಪಕ್ಕದಲ್ಲೇ ಹಾದುಹೋದ. ಹುಡುಗ ಕೇಳಿದ: "ಮುಮಾನಿ, ಅವರೂ ಜಿದ್ದಾದಿಂದ ಬಂದಿದ್ದಾರಾ?"