ಗಾಳಿ ಬರುವತನಕ ಬೆಳಕು

ಪತ್ರಿಕೆಯೊಂದರ ವಿಜ್ಞಾನ ಪುಟದಲ್ಲಿ ಕಂಡ ‘ನಕ್ಷತ್ರಸ್ಫೋಟ ಗೆಲಾಕ್ಸಿ’ ಎಂಬ ಮಾತು, ಕಣ್ಣೊಳಗೆ ಹಾರಿಬಿದ್ದ ತೊಗರಿಯ ಹೊಟ್ಟಿನಂತೆ, ವಾರ ಕಳೆದರೂ ಚುಚ್ಚುತ್ತಲೇ ಇದೆ. ‘ಸ್ಟಾರ್‌ಬರ್ಸ್ಟ್’ ಎಂಬುದನ್ನು ನಿಘಂಟಿನ ಬಲದಿಂದ ತುಂಡುತುಂಡಾಗಿ ಕನ್ನಡಿಸುವ ಈ ಅವಸರವನ್ನು ನಾನು ಸಹಿಸಲಾರೆನು. ಅನಿಲರಾಶಿ ಕುಸಿದು ಹೊಸ ತಾರೆಗಳು ಹತ್ತಾರು ಪಟ್ಟು ವೇಗದಲ್ಲಿ ಜನ್ಮವೆತ್ತುತ್ತಿರುವ ತಾಣವನ್ನು, ಅವು ಒಡೆದು ಸಾಯುವ ತಾಣವೆಂದು ಓದುಗನಿಗೆ ತೋರಿಸಿದಂತಾಯಿತಲ್ಲ!

ಬದಲಿ ಹೆಸರನ್ನು ಹುಡುಕುವಾಗ ಅರಿಸಮಾಸದ, ಎಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಸಮಾಸದ, ಮಾತು ಬಂದೇ ಬರುತ್ತದೆ. ನಮ್ಮ ಜೇವರ್ಗಿಗೆ ಬಹು ದೂರವಲ್ಲದ, ಕಾಗಿಣಾ ತೀರದ ಮಳಖೇಡದಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿದ್ದು ಶ್ರೀವಿಜಯನು 9ನೆಯ ಶತಮಾನದಲ್ಲಿಯೇ, ಸಂಸ್ಕೃತ ಕನ್ನಡಗಳನ್ನು ವಿವೇಚನೆಯಿಲ್ಲದೆ ಬೆಸೆಯುವುದನ್ನು ಕವಿರಾಜಮಾರ್ಗದಲ್ಲಿ ದೋಷವೆಂದೆಣಿಸಿದನು. ನಾಲ್ಕು ಶತಮಾನಗಳ ತರುವಾಯ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅದಕ್ಕೆ ವಿಧಿಯನ್ನೂ ಅಪವಾದಗಳನ್ನೂ ಹೇಳಿದನು. ಆ ತಕ್ಕಡಿಯಲ್ಲಿ ತೂಗಿದರೆ ‘ನಕ್ಷತ್ರಸ್ಫೋಟ’ ನಿರ್ದುಷ್ಟವಾದ ಸಮಾಸ, ‘ನಕ್ಷತ್ರಸುಗ್ಗಿ’ ಅರಿಸಮಾಸ. ಆದರೆ ‘ತಾರಾ’ ಎಂಬುದು ಕನ್ನಡದ ಬಾಯಲ್ಲಿ ‘ತಾರೆ’ಯಾಗಿ ಒಗ್ಗಿರುವುದರಿಂದ ‘ತಾರೆಸುಗ್ಗಿ’ ಎನ್ನಲು ಅಡ್ಡಿಯಿಲ್ಲ. ಸುಗ್ಗಿ ಒಮ್ಮೆಲೇ ಬರುತ್ತದೆ, ಬೇಗನೆ ತೀರುತ್ತದೆ. ಈ ಗೆಲಾಕ್ಸಿಗಳ ಸಂಭ್ರಮವೂ ಅನಿಲ ಸವೆಯುವತನಕ ಮಾತ್ರ.

ಅನುವಾದಕನ ಪರವಾಗಿಯೂ ಒಂದು ಮಾತುಂಟು. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷಗಳಾಚೆ ಇರುವ ಎಂ 82 ಗೆಲಾಕ್ಸಿಯಿಂದ ಹೊರಚಿಮ್ಮಿದ ಎಳೆಗಳನ್ನು ಕಂಡು, 1963ರಲ್ಲಿ ಲಿಂಡ್ಸ್ ಮತ್ತು ಸ್ಯಾಂಡೇಜ್ ಎಂಬ ವಿದ್ವಾಂಸರೇ ಅದರ ಗರ್ಭದಲ್ಲಿ ಸ್ಫೋಟವಾಗಿರಬೇಕೆಂದು ಬರೆದರು. ಒಂದೇ ಮಹಾಸ್ಫೋಟವಲ್ಲ, ಅಸಂಖ್ಯ ಸೂಪರ್‌ನೋವಾಗಳು ಕೂಡಿ ಕಾಯಿಸಿದ ಅನಿಲವು ಗಾಳಿಯಾಗಿ ಸೆಕೆಂಡಿಗೆ ನೂರಾರು ಕಿಲೋಮೀಟರು ಧಾವಿಸುತ್ತಿದೆಯೆಂಬ ತಿಳಿವಳಿಕೆ ಆಮೇಲಿನದು.

ಹೀಗೆ ಹೆಸರನ್ನು ತೂಗುತ್ತಲೇ ಭೀಮೆಯ ದಿಕ್ಕಿಗೆ ಸಂಜೆ ನಡೆದು ಹೋಗುತ್ತಿದ್ದೆನು. ಹಾದಿಯ ಪಕ್ಕದ ಕಣದಲ್ಲಿ, ಯಂತ್ರದ ರಾಶಿ ಮುಗಿದು ಉಳಿದ ತೊಗರಿಯನ್ನು ತೂರಲೆಂದು ಮುದುಕನೊಬ್ಬನು ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತಿದ್ದನು. ಗಾಳಿ ಸತ್ತಿತ್ತು, ಸುರಿದ ಕಾಳಿನೊಡನೆ ಹೊಟ್ಟೂ ಅವನ ಕಾಲಬುಡದಲ್ಲಿಯೇ ಬೀಳುತ್ತಿತ್ತು. ಹೊತ್ತು ಮುಳುಗುತ್ತಿತ್ತು. ಇನ್ನೇನು ಗಾಳಿ ಬರುತ್ತದೆಂದು ಮಗನು ಹೇಳಿದುದಕ್ಕೆ ಮುದುಕನೆಂದನು: “ಗಾಳಿ ಬರೂತನ ಬೆಳಕ ಉಳೀಬೇಕಲ್ಲೋ ತಮ್ಮಾ.”

ನಾನು ಅಲ್ಲಿಯೇ ನಿಂತೆನು. ಹೆಸರಿನ ಹಿಂದೆ ಬಿದ್ದು ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆ ಇದೇ. ತಾರೆಸುಗ್ಗಿಯಲ್ಲಿ ಹೊಮ್ಮುವ, 91.2 ನ್ಯಾನೋಮೀಟರಿಗಿಂತ ಕಿರಿದಾದ ತರಂಗದ, ಅಯಾನೀಕರಿಸುವ ಬೆಳಕನ್ನು ಹಾದಿಯಲ್ಲಿ ಸಿಕ್ಕ ಹೈಡ್ರೋಜನ್ ಪರಮಾಣು ನುಂಗಿಬಿಡುತ್ತದೆ. ಅನಿಲದ ಹೊದಿಕೆಯನ್ನು ಗಾಳಿ ಹರಿದರೆ ಅದಕ್ಕೆ ದಾರಿ. ಆದರೆ ಆ ಬೆಳಕನ್ನು ಸೂಸುವ ಭಾರಿ ತಾರೆಗಳ ಆಯುಸ್ಸೇ ಕೆಲವು ದಶಲಕ್ಷ ವರ್ಷ. ಸೂಪರ್‌ನೋವಾಗಳು ಮೊದಲಾಗುವುದಕ್ಕೇ ಸುಮಾರು 30 ಲಕ್ಷ ವರ್ಷ ಬೇಕು. 50 ಲಕ್ಷ ವರ್ಷ ದಾಟುವಷ್ಟರಲ್ಲಿ ಬೆಳಕು ಇಳಿಮುಖ. ಗಾಳಿ ದಾರಿ ತೆರೆಯುವ ವೇಳೆಗೆ ಹೊರಡಬೇಕಾದುದು ಎಷ್ಟು ಉಳಿದಿರುತ್ತದೆ? ವಿಶ್ವದ ಮೊದಲ ನೂರು ಕೋಟಿ ವರ್ಷಗಳಲ್ಲಿ ಹೈಡ್ರೋಜನಿನ ಮಬ್ಬು ಹರಿದ ಕಥೆಯೆಲ್ಲ ಈ ಲೆಕ್ಕವನ್ನು ನೆಚ್ಚಿಕೊಂಡಿದೆ.

ಹೊರಟು ಬಂದ ಬೆಳಕನ್ನು ಹಿಡಿದುದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಹೊಸಕೋಟೆಯಲ್ಲಿ ಜೋಡಿಸಿದ ಅತಿನೇರಳೆ ದೂರದರ್ಶಕವನ್ನು ಹೊತ್ತು 28 ಸೆಪ್ಟೆಂಬರ್ 2015ರಂದು ಮೇಲೇರಿದ ಆಸ್ಟ್ರೋಸ್ಯಾಟ್ ಉಪಗ್ರಹ, ಮರುವರ್ಷದ ಅಕ್ಟೋಬರಿನಲ್ಲಿ 28 ಗಂಟೆಗೂ ಹೆಚ್ಚು ಕಾಲ ಆಗಸದ ಒಂದೇ ಚೂರನ್ನು ದಿಟ್ಟಿಸಿತು. ಅಲ್ಲಿನ ಪುಟ್ಟ ಗೆಲಾಕ್ಸಿಯೊಂದರಿಂದ, ಸುಮಾರು 930 ಕೋಟಿ ವರ್ಷಗಳ ಹಿಂದೆ, ಅಂಥ ಬೆಳಕಿನ ಐದನೆಯ ಒಂದು ಪಾಲಿಗಿಂತ ಹೆಚ್ಚು ಪಾರಾಗಿ ಹೊರಟಿತ್ತೆಂದು ಪುಣೆಯ ಖಗೋಳವಿಜ್ಞಾನಿ ಕನಕ್ ಸಾಹಾ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದರು. ಜೋಡಿತಾರೆಗಳಲ್ಲಿ ಒಂದು ಇನ್ನೊಂದರ ಹೊರಪದರವನ್ನು ಸುಲಿದಾಗ ಒಳಗಿನ ಬಿಸಿತಿರುಳು ಮತ್ತಷ್ಟು ಕಾಲ ಬೆಳಗುತ್ತದೆಂಬುದು, ಗಾಳಿ ತಡವಾದಲ್ಲಿ ವಿದ್ವಾಂಸರು ನೆಚ್ಚುವ ಒಂದು ಆಸರೆ.

ಕಣಕ್ಕೆ ಗಾಳಿ ಬಂದುದು ಕತ್ತಲಾದ ಮೇಲೆ. ಮಗನು ಟ್ರ್ಯಾಕ್ಟರನ್ನು ಕಣದತ್ತ ತಿರುಗಿಸಿ ದೀಪ ಹಚ್ಚಿದನು, ಮುದುಕನು ಮೊರವನ್ನೆತ್ತಿದನು, ಹೊಟ್ಟು ಆ ಬೆಳಕಿನ ಕೋಲನ್ನು ಹಾಯ್ದು ಪಡುವಣಕ್ಕೆ ಹಾರಿತು.