ಕರುವಿನ ಹುಳು ಶಿಬಿರದ ದಿನಕ್ಕೆ ಕಾಯುವುದಿಲ್ಲ



ಹಸು ಒಂದು ಹೊತ್ತು ಹಾಲು ಕಡಿಮೆ ಕೊಟ್ಟರೆ ಅಂದೇ ಡಾಕ್ಟರಿಗೆ ಫೋನ್ ಹೋಗುತ್ತದೆ. ಕರು ಮೂರು ದಿನ ಭೇದಿ ಮಾಡಿದರೂ ‘ಹಾಲು ಜಾಸ್ತಿ ಕುಡಿದಿರಬೇಕು’ ಎಂದು ಬಿಟ್ಟುಬಿಡುವವರೇ ಹೆಚ್ಚು. ಹಾಲಿಗೆ ಬಟವಾಡೆ ಇದೆ, ಕರುವಿಗೆ ಇಲ್ಲ. ಆದರೆ ಇಂದಿನ ಹೆಣ್ಣುಗರುವೇ ಎರಡೂವರೆ ಮೂರು ವರ್ಷದಲ್ಲಿ ನಿಮ್ಮ ಹಸು. ಅದು ಕೈತಪ್ಪಿದರೆ ಸಾಲ ಮಾಡಿ ಸಂತೆಯಿಂದ ಹಸು ತರಬೇಕು.

ಎಳೆಗರುಗಳನ್ನು ಕಾಡುವುದರಲ್ಲಿ ದೊಡ್ಡದು ದುಂಡು ಜಂತುಹುಳು. ಬೆಳೆದ ಹುಳು ಒಂದು ಗೇಣಿಗಿಂತ ಉದ್ದವಿರುತ್ತದೆ. ಎಮ್ಮೆ ಕರುಗಳಲ್ಲಿ ಇನ್ನೂ ಹೆಚ್ಚು. ‘ಹುಲ್ಲನ್ನೇ ತಿನ್ನದ ಕರುವಿಗೆ ಹುಳು ಎಲ್ಲಿಂದ ಬಂತು?’ ಎಂದು ಬಹಳ ಜನ ಕೇಳುತ್ತಾರೆ. ಬರುವುದು ತಾಯಿಯ ಹಾಲಿನಿಂದ. ಹಸುವಿನ ಮೈಯೊಳಗೆ ಅಡಗಿರುವ ಮರಿಹುಳುಗಳು ಕರು ಹಾಕುವ ಹೊತ್ತಿಗೆ ಎಚ್ಚೆತ್ತು ಕೆಚ್ಚಲಿಗೆ ಬರುತ್ತವೆ. ಮೊದಲ ದಿನಗಳ ಹಾಲಿನಲ್ಲೇ ಕರುವಿನ ಹೊಟ್ಟೆ ಸೇರುತ್ತವೆ. ಮೂರು ನಾಲ್ಕು ವಾರಕ್ಕೆ ಅಲ್ಲೇ ಬೆಳೆದು ಮೊಟ್ಟೆ ಇಡುತ್ತವೆ. ಆ ಮೊಟ್ಟೆ ಸಗಣಿಯಲ್ಲಿ ಬಿದ್ದು, ಕೊಟ್ಟಿಗೆಯ ತೇವದಲ್ಲಿ ತಿಂಗಳುಗಟ್ಟಲೆ ಉಳಿದು, ಮೇವಿನ ಜೊತೆ ಹಸುವಿನ ಹೊಟ್ಟೆಗೆ ಹೋಗುತ್ತದೆ. ಮುಂದಿನ ಕರುವಿಗೆ ಮತ್ತೆ ಅದೇ ಪಾಡು.

ಹಾಗೆಂದು ಗಿಣ್ಣು ಹಾಲು ತಪ್ಪಿಸಬೇಡಿ. ಗಿಣ್ಣು ಇಲ್ಲದ ಕರುವಿಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕುಡಿಸಲೇಬೇಕು. ಹುಳುವಿಗೆ ಮದ್ದಿದೆ, ತಪ್ಪಿದ ಗಿಣ್ಣಿಗೆ ಮದ್ದಿಲ್ಲ.

‘ಹಸುವಿಗೆ ಜಂತುಮದ್ದು ಹಾಕಿಸಿದ್ದೇವಲ್ಲ’ ಎಂಬ ಮಾತೂ ಇದೆ. ಸಾಮಾನ್ಯ ಮದ್ದು ಕರುಳಿನ ಹುಳುವನ್ನು ಕೊಲ್ಲುತ್ತದೆ, ಮೈಯೊಳಗೆ ಮಲಗಿರುವ ಮರಿಹುಳುವನ್ನು ಮುಟ್ಟುವುದಿಲ್ಲ. ಆದ್ದರಿಂದ ಕರುವಿಗೆ ಬೇರೆಯಾಗಿಯೇ ಕೊಡಬೇಕು. ಮೊದಲ ಸಲ 10ರಿಂದ 14ನೇ ದಿನದೊಳಗೆ, ಹುಳು ಮೊಟ್ಟೆ ಇಡುವ ಮುಂಚೆ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಬೂದುಬಣ್ಣದ ಗಬ್ಬುವಾಸನೆಯ ಸಗಣಿ, ಡೊಳ್ಳು ಹೊಟ್ಟೆ, ಒರಟು ಕೂದಲು ಕಂಡ ಮೇಲೆ ಕೊಡುವುದು ತಡವಾದ ಮಾತು. ಆಗ ಹುಳುಗಳು ಗಂಟುಕಟ್ಟಿ ಕರುಳು ಮುಚ್ಚಿ ಕರು ಸತ್ತೇ ಹೋಗಬಹುದು.

ಇಲ್ಲೇ ನನ್ನ ತಕರಾರು. ಶಿಬಿರ ಬೇಕು, ಬೇಡವೆನ್ನುವುದಿಲ್ಲ. ಆದರೆ ವರ್ಷಕ್ಕೆ ಒಂದೆರಡು ಸಲದ ಶಿಬಿರವನ್ನು ನೋಡಿಕೊಂಡು ಕರು ಹುಟ್ಟುವುದಿಲ್ಲ. ಶಿಬಿರದ ಹೊತ್ತಿಗೆ ಕೆಲವು ಕರುಗಳ ಸರದಿ ಮುಗಿದಿರುತ್ತದೆ, ಕೆಲವು ಇನ್ನೂ ಹುಟ್ಟಿರುವುದಿಲ್ಲ. ಎಲ್ಲಕ್ಕೂ ಒಂದೇ ಅಳತೆ ಕೊಡುವುದೂ ಸರಿಯಲ್ಲ. ಮದ್ದು ತೂಕದ ಲೆಕ್ಕ. ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು. ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು ಅದರಿಂದಲೇ ಗುಣಿಸಿ. ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 30, ಉದ್ದ 26 ಇದ್ದರೆ ಕರು ಸುಮಾರು 35 ಕಿಲೋ. ಆ ತೂಕ ಹೇಳಿ ಡಾಕ್ಟರಿಂದ ಅಳತೆ ಬರೆಸಿಕೊಳ್ಳಿ. ಕುಡಿಸುವಾಗ ತಲೆ ಹೆಚ್ಚು ಎತ್ತಬೇಡಿ, ನಿಧಾನವಾಗಿ ಹಾಕಿ. ಇಲ್ಲವಾದರೆ ಮದ್ದು ಶ್ವಾಸಕೋಶಕ್ಕೆ ಹೋಗುತ್ತದೆ.

ಅರ್ಧ ಅಳತೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕುದುರೆ ಸಾಕುವವರನ್ನು ನೋಡಿ. ಕುದುರೆ ಮರಿಗಳಿಗೂ ಇಂಥದೇ ದುಂಡುಹುಳು ಬರುತ್ತದೆ. ಐವರ್‌ಮೆಕ್ಟಿನ್ ಒಂದನ್ನೇ ಮತ್ತೆ ಮತ್ತೆ ಕೊಟ್ಟು, 2002ರಿಂದೀಚೆಗೆ ನೆದರ್‌ಲೆಂಡ್ಸ್, ಕೆನಡಾ ಮೊದಲಾದ ಕಡೆ ಆ ಹುಳು ಅದಕ್ಕೆ ಜಗ್ಗದಂತಾಯಿತು. ಅಳತೆ ಕಡಿಮೆಯಾದರೂ, ಒಂದೇ ಮದ್ದು ವರ್ಷಗಟ್ಟಲೆ ಕೊಟ್ಟರೂ, ಸಾಯದೆ ಉಳಿದ ಹುಳುವಿನ ಸಂತತಿಯೇ ಬೆಳೆಯುತ್ತದೆ. ಹಾಗಾಗಿ ದೊಡ್ಡ ಹಸುಗಳಿಗೆ ಸುಮ್ಮನೆ ಮದ್ದು ಹಾಕದೆ ಸಗಣಿ ಪರೀಕ್ಷೆ ಮಾಡಿಸಿ. ಕೆರೆ ಅಂಚಿನ, ವೃಷಭಾವತಿ ಬದಿಯ ಹಸಿಹುಲ್ಲು ತಿನ್ನುವ ಹಸುವಿಗೆ ಬಸವನಹುಳುವಿನಿಂದ ಬರುವ ಚಪ್ಪಟೆ ಹುಳು ಇರಬಹುದು. ದುಂಡುಹುಳುವಿನ ಮದ್ದೆಲ್ಲ ಅದಕ್ಕೆ ನಾಟುವುದಿಲ್ಲ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು. ಹಾಲು ಕೊಡುವ ಹಸುವಿಗೆ ಯಾವ ಮದ್ದು ಕೊಟ್ಟರೂ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದೆಂದು ಕೇಳಿ.

ಕೆಂಗೇರಿ, ಉಲ್ಲಾಳು, ರಾಮೋಹಳ್ಳಿ ಸುತ್ತ ಲೇಔಟುಗಳು ಎದ್ದು ಕೊಟ್ಟಿಗೆ ಇಕ್ಕಟ್ಟಾಗಿದೆ. ಕರು, ಹಸು ಒಂದೇ ಗೋದಲಿಯಲ್ಲಿ. ಇಂಥ ಕಡೆ ಹುಳು ಬೇಗ ಹರಡುತ್ತದೆ. ಕರುವಿಗೆ ಒಂದು ಮೂಲೆಯನ್ನಾದರೂ ಬೇರೆ ಮಾಡಿ. ದಿನಾ ಸಗಣಿ ಎತ್ತಿ, ನೆಲ ಒಣಗಲಿ, ಬಿಸಿಲು ಬೀಳಲಿ.

ಒಕ್ಕೂಟಕ್ಕೆ ನಾವು ಕೇಳಬೇಕಾದ್ದು ಮೂರು. ಸಂಘದ ಪುಸ್ತಕದಲ್ಲಿ ಕರು ಹುಟ್ಟಿದ ದಿನ, ಮದ್ದಿನ ದಿನ ಬರೆಯಲಿ. ಪ್ರತಿ ಮಹಿಳಾ ಸಂಘದಲ್ಲಿ ಕರುವಿನ ಮದ್ದು ಮತ್ತು ಅಳತೆ ಟೇಪು ಸದಾ ಇರಲಿ. ವಾರ್ಷಿಕ ವರದಿಯಲ್ಲಿ ಎಷ್ಟು ಲೀಟರ್ ಹಾಲು ಎಂಬುದರ ಪಕ್ಕದಲ್ಲಿ ಎಷ್ಟು ಕರು ಉಳಿದವು ಎಂಬುದೂ ಬರಲಿ. ಕರು ನೋಡಿಕೊಳ್ಳುವವರು ನೀವು. ಮುಂದಿನ ಸಭೆಯಲ್ಲಿ ಈ ಮಾತು ಎತ್ತಬೇಕಾದವರೂ ನೀವೇ. ಅಲ್ಲಿಯವರೆಗೆ, ಕರು ಹುಟ್ಟಿದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಹತ್ತನೇ ದಿನಕ್ಕೆ ಒಂದು ಗುರುತು ಹಾಕಿಡಿ.